ಚಿಕ್ಕ ಖುಷಿಯಿಂದ ಮನೆ ರಿಪೇರಿವರೆಗೆ: ಯಾವ ಖರ್ಚಿಗೆ ಎಷ್ಟು ತಲೆ ಕೆಡಿಸಿಕೊಳ್ಳಬೇಕು?

ಎರಡು ಸೋಪಿನ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು, ಯಾವುದು ಚೂರು ಅಗ್ಗ ಅಂತ ಅಂಗಡಿಯಲ್ಲಿ ಹತ್ತು ನಿಮಿಷ ನಿಲ್ಲುವವರು ಬಹಳ ಜನ. ತಪ್ಪೇನಿಲ್ಲ. ಆದರೆ ಬಾತ್‌ರೂಮಿನ ಗೋಡೆ ಒಡೆದು ಪೈಪ್ ಬದಲಿಸಬೇಕು ಅಂತ ಯಾರಾದರೂ ಹೇಳಿದಾಗ ಅದೇ ಜನ ಮೊದಲು ಬಂದವನ ಬಾಯಿಲೆಕ್ಕಕ್ಕೆ ನಿಂತ ಕಾಲಲ್ಲೇ ಹೂಂ ಅಂದುಬಿಡುತ್ತಾರೆ. ಸೋಪಿನಲ್ಲಿ ವರ್ಷವಿಡೀ ಉಳಿಸಿದ್ದು ಆ ಒಂದು ಹೂಂನಲ್ಲಿ ಹೋಗಿರುತ್ತದೆ.

ಇದೇನು ಹೊಸ ಕಾಯಿಲೆಯಲ್ಲ. ಬ್ರಿಟನ್ನಿನ ಇತಿಹಾಸಕಾರ, ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ 1957ರಲ್ಲೇ ಇದನ್ನು ಗೇಲಿ ಮಾಡಿದ್ದರು. ಅವರು ಕಲ್ಪಿಸಿಕೊಂಡ ಒಂದು ಸಮಿತಿ ಅಣು ರಿಯಾಕ್ಟರಿನ ಖರ್ಚನ್ನು ಎರಡೂವರೆ ನಿಮಿಷದಲ್ಲಿ ಒಪ್ಪಿಬಿಡುತ್ತದೆ. ಸೈಕಲ್ ಶೆಡ್ಡಿಗೆ ಮುಕ್ಕಾಲು ಗಂಟೆ ವಾದ ನಡೆಯುತ್ತದೆ. ಸಭೆಯ ಕಾಫಿ ಖರ್ಚಿಗೆ ಒಂದೂಕಾಲು ಗಂಟೆ! ರಿಯಾಕ್ಟರ್ ಬಗ್ಗೆ ಯಾರಿಗೂ ಗೊತ್ತಿಲ್ಲ, ಕಾಫಿ ಬಗ್ಗೆ ಎಲ್ಲರಿಗೂ ಗೊತ್ತು, ಅಷ್ಟೇ.

ಮನೆಯಲ್ಲೂ ನಡೆಯುವುದು ಇದೇ. ಚಿಕ್ಕ ಖರ್ಚಿಗೆ ಒಮ್ಮೆ ನಿಯಮ ಹಾಕಿಕೊಂಡು ಮರೆತುಬಿಡಬೇಕು. ಹಾಗೆ ಉಳಿದ ತಾಳ್ಮೆಯನ್ನೆಲ್ಲ ದೊಡ್ಡ ಖರ್ಚಿನ ಮೇಲೆ ಹಾಕಬೇಕು. ಹೇಗೆ ಅಂತ ಒಂದೊಂದೇ ಹೆಜ್ಜೆ ನೋಡೋಣ.

ಮೊದಲ ಹೆಜ್ಜೆ: ಕಳೆದ ಮೂರು ತಿಂಗಳ ಖರ್ಚು ಬರೆಯಿರಿ

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಮೊಬೈಲಿನಲ್ಲಿ ಕಟ್ಟಿದ್ದೂ ಕಾರ್ಡ್ ಉಜ್ಜಿದ್ದೂ ಅದರಲ್ಲಿ ಸಿಗುತ್ತದೆ. ನಗದು ಖರ್ಚನ್ನು ಅಂದಾಜಿನಲ್ಲಿ ಬರೆದರೆ ಸಾಕು. ಪೈಸಾ ಪೈಸಾ ಲೆಕ್ಕ ಇಡೋಕೆ ಹೊರಟವರು ಎರಡನೇ ವಾರಕ್ಕೆ ಪುಸ್ತಕ ಮುಚ್ಚಿಡುತ್ತಾರೆ.

ಬರೆದದ್ದನ್ನು ನಾಲ್ಕು ಗುಂಪು ಮಾಡಿ. ಖುಷಿಗೆ ಕೊಂಡದ್ದು ಒಂದು. ಪ್ರತಿ ತಿಂಗಳೂ ತರಲೇಬೇಕಾದ ಸಾಮಾನು ಇನ್ನೊಂದು. ವರ್ಷಗಟ್ಟಲೆ ಬಾಳಬೇಕಾದ ವಸ್ತುಗಳು ಮೂರನೆಯದು. ಮನೆಯ ರಿಪೇರಿ ಕೊನೆಯದು. ಮೂರು ತಿಂಗಳಲ್ಲಿ ರಿಪೇರಿ ಖರ್ಚು ಸೊನ್ನೆ ಅಂತ ಬಂದರೆ ಹಿಗ್ಗಬೇಡಿ. ರಿಪೇರಿ ತಿಂಗಳ ಲೆಕ್ಕಕ್ಕೆ ಬರುವುದಿಲ್ಲ, ಬಂದಾಗ ಒಟ್ಟಿಗೇ ಬರುತ್ತದೆ.

ಚಿಕ್ಕ ಖುಷಿಗೆ ಒಂದು ಮಿತಿ, ಆಮೇಲೆ ಪ್ರಶ್ನೆ ಬೇಡ

ಒಂದು ಕಪ್ ಕಾಫಿ, ಒಂದು ಐಸ್‌ಕ್ರೀಂ, ಮಗುವಿಗೊಂದು ಬಣ್ಣದ ಪೆನ್ಸಿಲ್ ಡಬ್ಬಿ. ಇವನ್ನು ಬಿಟ್ಟರೆ ಶ್ರೀಮಂತರಾಗಬಹುದು ಅಂತ ಉಪದೇಶ ಮಾಡುವವರಿದ್ದಾರೆ. ನಾನು ಆ ಗುಂಪಿನವನಲ್ಲ. ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಬೇರೆ ಇಟ್ಟುಬಿಡಿ. ಬೇರೆ ಪರ್ಸ್ ಆಗಬಹುದು, ಮೊಬೈಲಿನಲ್ಲಿ ಬೇರೆ ವ್ಯಾಲೆಟ್ ಆಗಬಹುದು. ಅದು ಮುಗಿಯುವವರೆಗೆ ಏನು ಕೊಂಡರೂ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ, ಗಂಡನಿಗೂ ಇಲ್ಲ, ಹೆಂಡತಿಗೂ ಇಲ್ಲ. ಇಪ್ಪತ್ತನೇ ತಾರೀಖಿಗೇ ಮುಗಿಯಿತಾ? ಮುಂದಿನ ತಿಂಗಳವರೆಗೆ ಕಾಯಿರಿ.

ಒಂದು ವಿಷಯ ಮಾತ್ರ ಗಮನಿಸಿ. ರೂಢಿಯಾದ ಮೇಲೆ ಖುಷಿ ಖುಷಿಯಾಗಿ ಉಳಿಯುವುದಿಲ್ಲ. ವಾರಕ್ಕೊಮ್ಮೆ ತಿಂದಾಗ ಇದ್ದ ಸಂತೋಷ ದಿನಾ ತಿಂದರೆ ಇರುತ್ತದಾ? ಖರ್ಚು ಏಳು ಪಟ್ಟು, ಸಂತೋಷ ಮಾತ್ರ ಮೊದಲಿನಷ್ಟೂ ಇಲ್ಲ. ಹಾಗಾಗಿ ಚಿಕ್ಕ ಖುಷಿಯನ್ನು ಬಿಡಬೇಡಿ, ಸ್ವಲ್ಪ ದೂರ ದೂರ ಇಡಿ.

ಈ ಗುಂಪಿನಲ್ಲಿ ನಿಜವಾಗಿ ಕತ್ತರಿಸಬೇಕಾದದ್ದು ತಾನಾಗಿಯೇ ಕಟ್ ಆಗುವ ಚಂದಾಗಳನ್ನು. ನೋಡದ ವಿಡಿಯೊ ಆ್ಯಪ್, ಹೋಗದ ಜಿಮ್, ಉಚಿತ ಅಂತ ಸೇರಿ ಆಮೇಲೆ ಮರೆತ ಇನ್ನೇನೋ. ಕಾಫಿ ಕೊಳ್ಳುವಾಗ ಕೈಯಾದರೂ ಜೇಬಿಗೆ ಹೋಗುತ್ತದೆ. ಇವು ಸದ್ದಿಲ್ಲದೆ ಹೋಗುತ್ತವೆ. ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ, ಒಂದೇ ತಾರೀಖಿನ ಆಸುಪಾಸು ಬಂದಿರುವ ಸಾಲುಗಳನ್ನು ಹುಡುಕಿ. ಕಳೆದ ತಿಂಗಳು ಒಮ್ಮೆಯೂ ಬಳಸದಿದ್ದರೆ ಇವತ್ತೇ ನಿಲ್ಲಿಸಿ. ಬೇಕಾದರೆ ಮತ್ತೆ ಸೇರಿಕೊಳ್ಳೋಕೆ ಯಾರೂ ಬೇಡ ಅನ್ನುವುದಿಲ್ಲ.

ತಿಂಗಳ ಸಾಮಾನು: ಪೊಟ್ಟಣದ ಬೆಲೆ ಬಿಡಿ, ಗ್ರಾಮಿನ ಬೆಲೆ ನೋಡಿ

ದೊಡ್ಡ ಪೊಟ್ಟಣ ಅಂದರೆ ಅಗ್ಗ ಅನ್ನುವ ನಂಬಿಕೆ ಪೂರ್ತಿ ನಿಜವಲ್ಲ. ಬೆಲೆಯನ್ನು ತೂಕದಿಂದ ಭಾಗಿಸಿ, 100 ಗ್ರಾಮಿಗೆ ಎಷ್ಟು ಬಿತ್ತು ನೋಡಿ. ಮೊಬೈಲಿನಲ್ಲಿ ಕ್ಯಾಲ್ಕ್ಯುಲೇಟರ್ ಹೇಗೂ ಇದೆ. ಬೆಲೆ ಹೆಚ್ಚಿಸುವ ಬದಲು ತೂಕ ಇಳಿಸುವುದು ಕಂಪನಿಗಳ ಹಳೇ ಉಪಾಯ. ಡಬ್ಬಿ ಅದೇ, ಬಣ್ಣ ಅದೇ, ಒಳಗಿನದು ಮಾತ್ರ ಕಮ್ಮಿ.

ಆಫರುಗಳ ಲೆಕ್ಕವೂ ಕಣ್ಣಿಗೆ ಕಂಡಷ್ಟು ಇರುವುದಿಲ್ಲ. "30% ಹೆಚ್ಚುವರಿ" ಅಂದರೆ 30% ರಿಯಾಯಿತಿ ಸಿಕ್ಕಂತಲ್ಲ, ಸುಮಾರು 23% ಮಾತ್ರ. "50% ಮೇಲೆ ಮತ್ತೆ 20%" ಅಂದರೆ 70% ಆಗುವುದಿಲ್ಲ. ಮೊದಲು ಅರ್ಧ ಹೋಯಿತು, ಉಳಿದ ಅರ್ಧದಲ್ಲಿ ಐದನೇ ಒಂದು ಭಾಗ ಹೋಯಿತು, ಒಟ್ಟು 60%. ಎರಡು ಕೊಂಡರೆ ಒಂದು ಉಚಿತ ಅಂದರೆ 33%, ಅದೂ ಮೂರೂ ಖರ್ಚಾದರೆ. ಒಂದು ಕೆಟ್ಟುಹೋಗಿ ಎಸೆದಿರೋ, ಪೂರ್ತಿ ಬೆಲೆಗೆ ಎರಡು ಕೊಂಡಂತೆಯೇ.

ಇಷ್ಟೆಲ್ಲ ಲೆಕ್ಕ ಪ್ರತಿಸಲ ಹಾಕಬೇಡಿ. ನೀವು ಅತಿ ಹೆಚ್ಚು ಬಳಸುವ ಹತ್ತು ಹನ್ನೆರಡು ಸಾಮಾನಿಗೆ ಒಮ್ಮೆ ಹಾಕಿ, ಯಾವ ಅಳತೆ ಲಾಭ ಅಂತ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ವರ್ಷಕ್ಕೆ ಎರಡು ಸಲ ಮತ್ತೆ ನೋಡಿದರೆ ಸಾಕು. ಉಳಿದ ದಿನ ಪಟ್ಟಿ ಹಿಡಿದು ಹೋಗಿ, ಪಟ್ಟಿಯಲ್ಲಿದ್ದದ್ದನ್ನು ತಂದು ಬನ್ನಿ.

ಉಳಿತಾಯವನ್ನು ಶೇಕಡಾದಲ್ಲಿ ಅಳೆಯಬೇಡಿ

ದೊಡ್ಡ ಖರೀದಿಗೆ ಹೋಗುವ ಮೊದಲು ನಮ್ಮ ತಲೆ ಮಾಡುವ ಒಂದು ಕಿತಾಪತಿ ಗೊತ್ತಿರಬೇಕು. ಮನಶ್ಶಾಸ್ತ್ರಜ್ಞರಾದ ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1981ರಲ್ಲಿ ಜನರಿಗೆ ಒಂದು ಪ್ರಶ್ನೆ ಕೇಳಿದ್ದರು. 15 ಡಾಲರಿನ ಕ್ಯಾಲ್ಕ್ಯುಲೇಟರ್ 20 ನಿಮಿಷ ದೂರದ ಅಂಗಡಿಯಲ್ಲಿ 10 ಡಾಲರಿಗೆ ಸಿಗುತ್ತದೆ, ಹೋಗುತ್ತೀರಾ? 68% ಜನ ಹೋಗುತ್ತೇವೆ ಅಂದರು. ಇನ್ನೊಂದು ಗುಂಪಿಗೆ ಕ್ಯಾಲ್ಕ್ಯುಲೇಟರಿನ ಬೆಲೆ 125, ದೂರದ ಅಂಗಡಿಯಲ್ಲಿ 120 ಅಂತ ಹೇಳಿದರು. ಈಗ ಹೊರಟವರು 29% ಮಾತ್ರ. ಉಳಿಯುವುದು ಎರಡರಲ್ಲೂ ಅದೇ 5 ಡಾಲರ್, ದೂರವೂ ಅಷ್ಟೇ!

ದೊಡ್ಡ ಮೊತ್ತದ ಪಕ್ಕ ನಿಂತ ಚಿಕ್ಕ ಮೊತ್ತ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಫ್ರಿಜ್ ಕೊಳ್ಳುವಾಗ ಸ್ಟ್ಯಾಂಡು, ಕವರು, ಹೆಚ್ಚುವರಿ ವಾರಂಟಿ ಎಲ್ಲ ಬಿಲ್ಲಿಗೆ ಸೇರಿಕೊಳ್ಳುತ್ತವೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಒಂದು ಅಭ್ಯಾಸ ಮಾಡಿಕೊಳ್ಳಿ. "ಇದೊಂದನ್ನೇ ಕೊಳ್ಳೋಕೆ ನಾನು ಮನೆಯಿಂದ ಹೊರಟು ಬರುತ್ತಿದ್ದೆನಾ?" ಅಂತ ಪ್ರತಿ ಜೊತೆಸಾಮಾನಿಗೂ ಕೇಳಿಕೊಳ್ಳಿ.

ವರ್ಷಗಟ್ಟಲೆ ಬಾಳುವ ವಸ್ತು: ರಿಪೇರಿನಾ, ಹೊಸದಾ?

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ನೀವೇ ಅರ್ಧ ಗಂಟೆ ನೋಡಿ. ಫ್ರಿಜ್ ತಣ್ಣಗಾಗುತ್ತಿಲ್ಲ ಅಂದರೆ ಬಾಗಿಲಿನ ರಬ್ಬರ್ ಸಡಿಲವಾಗಿರಬಹುದು. ಒಂದು ಕಾಗದವನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ಆ ಜಾಗದಲ್ಲಿ ತಂಪು ಸೋರುತ್ತಿದೆ. ಹಿಂದಿನ ಕಾಯಿಲ್ ಹೊರಗೆ ಕಾಣುವ ಮಾದರಿಯಾದರೆ ಪ್ಲಗ್ ತೆಗೆದು ಧೂಳು ಒರೆಸಿ. ವಾಷಿಂಗ್ ಮೆಷಿನ್ನಿನಲ್ಲಿ ನೀರು ಹೊರಗೆ ಹೋಗುತ್ತಿಲ್ಲವಾ? ಕೆಳಗಿನ ಫಿಲ್ಟರಿನಲ್ಲಿ ನಾಣ್ಯ, ಗುಂಡಿ, ನೂಲು ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ. ಏಸಿ ಗಾಳಿ ಕಮ್ಮಿಯಾದರೆ ಮೊದಲು ಜಾಲರಿ ತೊಳೆಯಿರಿ.

ಇಷ್ಟಾದ ಮೇಲೂ ರಿಪೇರಿ ಬೇಕೇ ಬೇಕು ಅಂತಾದರೆ ಒಂದು ಸುಲಭ ಲೆಕ್ಕ ಇದೆ. ವಸ್ತು ಅರ್ಧ ಆಯಸ್ಸು ಕಳೆದಿದೆ, ರಿಪೇರಿ ಖರ್ಚು ಹೊಸದರ ಅರ್ಧ ಬೆಲೆಗಿಂತ ಜಾಸ್ತಿ. ಈ ಎರಡೂ ಸೇರಿದರೆ ಹೊಸದು ತನ್ನಿ. ಒಂದೇ ಇದ್ದರೆ ರಿಪೇರಿ ಮಾಡಿಸಿ. ಇಲ್ಲಿ ಜನ ಎಡವುವುದು "ಹೋದ ವರ್ಷ ತಾನೇ ಇಷ್ಟು ಸುರಿದಿದ್ದೀನಿ" ಅನ್ನುವ ಮಾತಿನಲ್ಲಿ. ಸುರಿದದ್ದು ಹೊಸದು ಕೊಂಡರೂ ವಾಪಸ್ ಬರುವುದಿಲ್ಲ, ಹಳೆಯದನ್ನು ಇಟ್ಟುಕೊಂಡರೂ ಬರುವುದಿಲ್ಲ. ಇವತ್ತಿನಿಂದ ಮುಂದಿನ ಖರ್ಚು ಮಾತ್ರ ನೋಡಿ.

ಹೊಸದು ಕೊಳ್ಳುವಾಗ ಕರೆಂಟ್ ಖರ್ಚನ್ನೂ ಬೆಲೆಗೆ ಸೇರಿಸಿ. ಬಲ್ಬಿನ ಉದಾಹರಣೆ ನೋಡಿ. ಹಳೇ 60 ವ್ಯಾಟಿನ ಬಲ್ಬು ಕೊಡುವಷ್ಟು ಬೆಳಕನ್ನು ಸುಮಾರು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿದರೆ ಹಳೆಯದಕ್ಕೆ ವರ್ಷಕ್ಕೆ ಸುಮಾರು 110 ಯೂನಿಟ್, ಹೊಸದಕ್ಕೆ 16. ಒಂದೇ ಒಂದು ಬಲ್ಬಿನ ಮಾತಿದು.

ಹೆಚ್ಚುವರಿ ವಾರಂಟಿ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು: ಹೆಚ್ಚಿನ ಸಲ ಬೇಡ. ಯಂತ್ರಗಳು ಸಾಮಾನ್ಯವಾಗಿ ಕೈಕೊಡುವುದು ಎರಡು ಹೊತ್ತಿನಲ್ಲಿ. ತಯಾರಿಕೆಯ ದೋಷ ಇದ್ದರೆ ಶುರುವಿನಲ್ಲೇ, ಆಗ ಕಂಪನಿಯ ವಾರಂಟಿ ಇರುತ್ತದೆ. ಸವೆತದಿಂದಾದರೆ ಕೊನೆಗಾಲದಲ್ಲಿ, ಅಷ್ಟು ಹೊತ್ತಿಗೆ ಹೆಚ್ಚುವರಿ ವಾರಂಟಿಯೂ ಮುಗಿದಿರುತ್ತದೆ. ನಡುವಿನ ಶಾಂತ ಕಾಲಕ್ಕೆ ನೀವು ದುಡ್ಡು ಕೊಡುತ್ತಿರುತ್ತೀರಿ. ಎಲ್ಲೆಂದರಲ್ಲಿ ಹೊತ್ತು ತಿರುಗುವ, ಬಿದ್ದರೆ ಒಡೆಯುವ ವಸ್ತುವಾದರೆ ಮಾತು ಬೇರೆ. ಆಗಲೂ ಬಿದ್ದು ಒಡೆದದ್ದಕ್ಕೆ ಅದು ಅನ್ವಯಿಸುತ್ತದಾ ಅಂತ ಓದಿ ನೋಡಿ.

ಕಂತು: ಮೂರು ಪ್ರಶ್ನೆ ಕೇಳದೆ ಸಹಿ ಬೇಡ

"ಬಡ್ಡಿ 10% ಮಾತ್ರ" ಅಂದರೆ ಮೊದಲು ಕೇಳಬೇಕಾದ್ದು, ಅದು ಫ್ಲ್ಯಾಟ್ ದರವೋ, ಉಳಿದ ಅಸಲಿನ ಮೇಲಿನ ದರವೋ ಅಂತ. ಫ್ಲ್ಯಾಟ್ ಅಂದರೆ ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಕೊನೆಯವರೆಗೂ ಪೂರ್ತಿ ಸಾಲಕ್ಕೇ ಬೀಳುತ್ತದೆ. 12 ತಿಂಗಳ ಸಮಾನ ಕಂತಿನಲ್ಲಿ 10% ಫ್ಲ್ಯಾಟ್ ಅಂದರೆ ನಿಜವಾದ ದರ ಹೆಚ್ಚುಕಮ್ಮಿ 18%.

ಎರಡನೇ ಪ್ರಶ್ನೆ: "ಒಟ್ಟಿಗೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?" ಬಡ್ಡಿಯೇ ಇಲ್ಲದ ಕಂತು ಅಂತ ಮಾರುವ ವಸ್ತುವಿಗೆ ಒಟ್ಟಿಗೆ ಕೊಟ್ಟರೆ 6% ಬಿಡುತ್ತಾರೆ ಅಂದುಕೊಳ್ಳಿ. ಹಾಗಿದ್ದರೆ 12 ಕಂತಿನಲ್ಲಿ ನೀವು ವರ್ಷಕ್ಕೆ ಸುಮಾರು 11.5% ಬಡ್ಡಿ ಕಟ್ಟುತ್ತಿದ್ದೀರಿ. ಹೆಸರು ಮಾತ್ರ ಬಡ್ಡಿಯಿಲ್ಲದ್ದು. ಮೂರನೆಯದು: ಪ್ರೊಸೆಸಿಂಗ್ ಶುಲ್ಕ ಎಷ್ಟು, ಮೊದಲೇ ತೀರಿಸಿದರೆ ದಂಡ ಇದೆಯಾ?

ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಕಟ್ಟಿಕೊಂಡು ಸಾಗುವುದು ಎಲ್ಲಕ್ಕಿಂತ ದುಬಾರಿ. ತಿಂಗಳಿಗೆ 3% ಅಂದರೆ ಚಿಕ್ಕದಾಗಿ ಕಾಣುತ್ತದೆ. ಚಕ್ರಬಡ್ಡಿ ಸೇರಿ ವರ್ಷಕ್ಕೆ ಅದು 42% ದಾಟುತ್ತದೆ. ಏನೂ ಕಟ್ಟದೆ ಬಿಟ್ಟರೆ ಎರಡು ವರ್ಷಕ್ಕೆ ಸಾಲ ಎರಡು ಪಟ್ಟು.

ಮನೆ ರಿಪೇರಿ: ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ತಿಳಿಯಿರಿ

ಈಗ ನಿಜವಾದ ಮಾತಿಗೆ ಬರೋಣ. ಮನೆ ರಿಪೇರಿಯಲ್ಲಿ ದುಡ್ಡು ಹಾಳಾಗುವ ದೊಡ್ಡ ದಾರಿ ಕೆಲಸಗಾರರ ಮೋಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಕೇಳಿದರೆ, ಕಾರಣ ಗೊತ್ತಾಗುವ ಮೊದಲೇ ಮದ್ದು ಮಾಡಿಸುವುದು ಅದಕ್ಕಿಂತ ದೊಡ್ಡ ದಾರಿ. ಗೋಡೆಯಲ್ಲಿ ತೇವ ಕಂಡ ತಕ್ಷಣ ಬಣ್ಣ ಕೆರೆದು, ಪುಟ್ಟಿ ಹಾಕಿ, ಹೊಸ ಬಣ್ಣ ಬಳಿಸುತ್ತಾರೆ. ನೀರು ಬರುವುದು ನಿಂತಿರುವುದಿಲ್ಲ. ಮುಂದಿನ ಮಳೆಗೆ ಅದೇ ಜಾಗದಲ್ಲಿ ಅದೇ ಕಲೆ.

ತೇವದ ಕಾರಣ ಹುಡುಕೋಕೆ ದುಬಾರಿ ಯಂತ್ರ ಬೇಕಿಲ್ಲ. ಸುಮಾರು ಒಂದೂವರೆ ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ತೇವ ಇರುವ ಕಡೆ ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆಗೆ ಹನಿ ಕಟ್ಟಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹಾಳೆಯ ಹೊರಗೆ, ಕೋಣೆಯ ಕಡೆ ಹನಿ ಇದ್ದರೆ ಅದು ಕೋಣೆಯ ಗಾಳಿಯ ತೇವ. ಆಗ ಬೇಕಾದದ್ದು ಒಂದು ಎಕ್ಸಾಸ್ಟ್ ಫ್ಯಾನ್ ಇಲ್ಲವೇ ದಿನಾ ಕಿಟಕಿ ತೆಗೆಯುವ ಅಭ್ಯಾಸ. ಗೋಡೆ ಒಡೆಯುವ ಅಗತ್ಯವೇ ಇಲ್ಲ!

ಪೈಪ್ ಸೋರುತ್ತಿದೆಯಾ ಅಂತ ಅನುಮಾನ ಇದ್ದರೆ ನೀರಿನ ಮೀಟರ್ ನೋಡಿ. ಎಲ್ಲ ನಲ್ಲಿ ಮುಚ್ಚಿ, ಮೀಟರಿನ ಅಂಕಿಯ ಫೋಟೊ ತೆಗೆಯಿರಿ. ಟ್ಯಾಂಕ್ ತುಂಬುತ್ತಿರಬಾರದು. ಎರಡು ಗಂಟೆ ಯಾರೂ ನೀರು ಮುಟ್ಟಬೇಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿಗಂತೂ ಇನ್ನೂ ಸುಲಭ. ಟ್ಯಾಂಕಿಗೆ ತಿಂಡಿಗೆ ಹಾಕುವ ಬಣ್ಣ ನಾಲ್ಕು ಹನಿ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಡಿ. ಕೆಳಗಿನ ನೀರಿಗೆ ಬಣ್ಣ ಬಂದರೆ ಒಳಗಿನ ರಬ್ಬರ್ ಮುಚ್ಚಳ ಸವೆದಿದೆ. ಅದು ಅಗ್ಗದ ಭಾಗ.

ಚಾವಣಿ ಸೋರುವಿಕೆ ಮಾತ್ರ ಸ್ವಲ್ಪ ಕಾಡಿಸುತ್ತದೆ. ಕಲೆ ಕಂಡ ಜಾಗದ ನೇರ ಮೇಲೆಯೇ ಬಿರುಕು ಇರಬೇಕು ಅಂತಿಲ್ಲ. ನೀರು ಸ್ಲ್ಯಾಬಿನೊಳಗೆ, ಕಂಬಿ ಗುಂಟ, ವಯರಿಂಗ್ ಪೈಪಿನ ಗುಂಟ ಎಷ್ಟೋ ದೂರ ಹರಿದು ಬಂದು ಎಲ್ಲೋ ಒಂದು ಕಡೆ ಇಳಿಯುತ್ತದೆ. ಮೇಲೆ ಹೋದಾಗ ಮೊದಲು ನೋಡಬೇಕಾದದ್ದು ಮಳೆನೀರಿನ ಕೊಳವೆ ಬಾಯಿ, ಪ್ಯಾರಾಪೆಟ್ ಗೋಡೆ ನೆಲಕ್ಕೆ ಸೇರುವ ಮೂಲೆ, ಪೈಪ್ ಸ್ಲ್ಯಾಬ್ ಕೊರೆದು ಇಳಿದಿರುವ ಜಾಗ. ಈ ಮೂರು ಕಡೆ ನೋಡದೆ "ಪೂರ್ತಿ ವಾಟರ್‌ಪ್ರೂಫಿಂಗ್ ಮಾಡಿಸಬೇಕು" ಅನ್ನುವವರ ಮಾತಿಗೆ ತಲೆ ಆಡಿಸಬೇಡಿ.

ಬಿರುಕು ಕಂಡರೆ ಗಾಬರಿ ಬೇಡ. ಕೂದಲೆಳೆಯಷ್ಟು ಸಣ್ಣ, ಬಲೆಯ ಹಾಗೆ ಹರಡಿದ ಬಿರುಕು ಸಾಮಾನ್ಯವಾಗಿ ಗಾರೆ ಒಣಗಿದ್ದರಿಂದ ಬಂದದ್ದು. ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟದ್ದು, ಇಟ್ಟಿಗೆ ಸಾಲಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು, ಗೋಡೆಯ ಎರಡೂ ಬದಿಗೆ ಕಾಣುವುದು, ಇವುಗಳ ಮೇಲೆ ಕಣ್ಣಿಡಿ. ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆದು, ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಕೆಲವು ತಿಂಗಳಲ್ಲಿ ಬೆಳೆಯುತ್ತಿದ್ದರೆ, ಇಲ್ಲವೇ ಈಗಾಗಲೇ 5 ಮಿ.ಮೀ. ಮೀರಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಮೇಸ್ತ್ರಿಯನ್ನಲ್ಲ. ಎಂಜಿನಿಯರ್ ಫೀಸು ಉಳಿಸೋಕೆ ಹೋಗುವ ಜಾಗ ಇದಲ್ಲ.

ಯಾವುದು ಇವತ್ತೇ, ಯಾವುದು ಆಮೇಲೆ

ಕರೆಂಟ್, ಗ್ಯಾಸ್, ನೀರು, ಚಾವಣಿ. ಕಾಯಿಸಬಾರದ ಕೆಲಸ ಇವೇ. ಸ್ವಿಚ್ ಬೋರ್ಡ್ ಬಿಸಿಯಾಗುತ್ತಿದೆ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ವಾಲ್ವ್ ಮುಚ್ಚಿ, ಕಿಟಕಿ ತೆಗೆದು, ಹೊರಗೆ ಬಂದು ಫೋನ್ ಮಾಡಿ.

ತೊಟ್ಟಿಕ್ಕುವ ನಲ್ಲಿಯನ್ನು ಜನ ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ಹೆಚ್ಚುಕಮ್ಮಿ 4,000 ಹನಿಗೆ ಒಂದು ಲೀಟರ್ ಅಂತ ಹಿಡಿದರೆ, ಸೆಕೆಂಡಿಗೊಂದು ಹನಿಯಂತೆ ದಿನಕ್ಕೆ 21 ಲೀಟರ್, ವರ್ಷಕ್ಕೆ ಏಳೂವರೆ ಸಾವಿರ ಲೀಟರ್ ಮೀರುತ್ತದೆ. ಹಳೇ ಮಾದರಿಯ ನಲ್ಲಿಯಾದರೆ ಒಂದು ವಾಷರ್ ಬದಲಿಸಿದರೆ ಮುಗಿಯಿತು. ಟೈಲ್ಸ್ ಹಳೇ ಫ್ಯಾಷನ್ ಆಗಿದೆ, ಬಣ್ಣ ಮಂಕಾಗಿದೆ ಅನ್ನುವ ಕೆಲಸಗಳು ಎಷ್ಟು ಬೇಕಾದರೂ ಕಾಯಬಲ್ಲವು.

ದುಡ್ಡಿನ ತಯಾರಿಯೂ ಈ ಹೊತ್ತಿನಲ್ಲೇ ಆಗಬೇಕು. ಮನೆಯ ಬೆಲೆಯ 1% ಅನ್ನು ವರ್ಷಕ್ಕೆ ರಿಪೇರಿಗೆ ತೆಗೆದಿಡಿ ಅಂತ ಒಂದು ಮಾತಿದೆ. ಭೂಮಿಯ ಬೆಲೆ ಏರಿದ ಕಡೆ ಇದು ಸುಮ್ನೆ ಹೆದರಿಸುವ ಮೊತ್ತ ಆಗುತ್ತದೆ, ಏಕೆಂದರೆ ಭೂಮಿ ಸೋರುವುದಿಲ್ಲ. ಈಗ ಅಂಥದ್ದೇ ಕಟ್ಟಡ ಕಟ್ಟೋಕೆ ಎಷ್ಟಾಗುತ್ತದೋ ಅದರ 1% ಹಿಡಿದರೆ ಹೆಚ್ಚು ಸರಿ. ಅದನ್ನು ಹನ್ನೆರಡು ಭಾಗ ಮಾಡಿ ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕಿ.

ಅಳತೆ ನಿಮ್ಮ ಕೈಯಲ್ಲಿರಲಿ

ಕೊಟೇಷನ್ ಕೇಳುವ ಮೊದಲು ಟೇಪ್ ಹಿಡಿದು ನೀವೇ ಅಳೆಯಿರಿ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಇದೆ ಅಂದುಕೊಳ್ಳಿ. ನಾಲ್ಕು ಗೋಡೆಯ ಸುತ್ತಳತೆ 44 ಅಡಿ, ಎತ್ತರದಿಂದ ಗುಣಿಸಿದರೆ 440 ಚದರ ಅಡಿ. ಬಾಗಿಲು ಕಿಟಕಿ ಸೇರಿ 40 ಕಳೆಯಿರಿ, ಉಳಿದದ್ದು 400. ಎರಡು ಕೋಟ್ ಅಂದರೆ 800. ನಯವಾದ ಗೋಡೆಯಲ್ಲಿ ಒಂದು ಲೀಟರ್ ಬಣ್ಣ ಒಂದು ಕೋಟ್‌ಗೆ ಸುಮಾರು 100 ಚದರ ಅಡಿ ಬರುತ್ತದೆ. ಹಾಗಾದರೆ ಬೇಕಾದದ್ದು 8 ಲೀಟರ್. ಯಾರಾದರೂ 15 ಲೀಟರ್ ಬರೆದುಕೊಟ್ಟರೆ, ಯಾಕೆ ಅಂತ ಕೇಳೋಕೆ ನಿಮ್ಮ ಹತ್ತಿರ ಈಗ ಲೆಕ್ಕ ಇದೆ.

ಟೈಲ್ಸ್ ಅಳತೆಗಿಂತ 10% ಜಾಸ್ತಿ ತನ್ನಿ, ಓರೆಯಾಗಿ ಹಾಕಿಸುವುದಾದರೆ 15%. ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ನೋಡಿಕೊಳ್ಳಿ. ಬೇರೆ ಬ್ಯಾಚ್ ಆದರೆ ಅಂಗಡಿಯಲ್ಲಿ ಒಂದೇ ಥರ ಕಂಡದ್ದು ನೆಲಕ್ಕೆ ಹಾಕಿದ ಮೇಲೆ ಎರಡು ಬಣ್ಣ ಕಾಣುತ್ತದೆ.

ಮೂರು ಕೊಟೇಷನ್, ಒಂದೇ ಪಟ್ಟಿ

ಮೂರು ಜನರನ್ನು ಕೇಳಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೂವರೂ ಬೇರೆ ಬೇರೆ ಕೆಲಸಕ್ಕೆ ದರ ಹೇಳಿದರೆ ಹೋಲಿಸೋದು ಹೇಗೆ? ಹಾಗಾಗಿ ಕೆಲಸದ ಪಟ್ಟಿ ನೀವೇ ಬರೆದು ಮೂವರಿಗೂ ಅದನ್ನೇ ಕೊಡಿ. ಎಷ್ಟು ಅಡಿ, ಎಷ್ಟು ಕೋಟ್, ಯಾವ ಕಂಪನಿಯ ಯಾವ ಗುಣಮಟ್ಟದ ಸಾಮಾನು, ಹಳೇ ಗಾರೆ ಕೆರೆಯುವುದು ಯಾರು, ಒಡೆದ ಮಣ್ಣು ಕಲ್ಲು ಸಾಗಿಸುವುದು ಯಾರು, ತೆರಿಗೆ ಸೇರಿದೆಯಾ, ಎಷ್ಟು ದಿನದ ಕೆಲಸ.

ಅತಿ ಕಡಿಮೆ ದರ ಹೇಳಿದವನನ್ನು ಕೂಡಲೇ ಒಪ್ಪಬೇಡಿ, ಬಿಡಲೂ ಬೇಡಿ. ಉಳಿದಿಬ್ಬರ ಪಟ್ಟಿಯಲ್ಲಿದ್ದು ಇವನದರಲ್ಲಿ ಇಲ್ಲದ್ದು ಏನು ಅಂತ ಹುಡುಕಿ. ಪ್ರೈಮರ್ ಇಲ್ಲವಾ? ಮಣ್ಣು ಸಾಗಾಟ ಇಲ್ಲವಾ? ಬಿಟ್ಟುಹೋದದ್ದು ಆಮೇಲೆ "ಎಕ್ಸ್‌ಟ್ರಾ" ಅಂತ ಬರುತ್ತದೆ. ಹತ್ತಿರದಲ್ಲಿ ಒಂದೆರಡು ವರ್ಷದ ಹಿಂದೆ ಅವನೇ ಮಾಡಿದ ಕೆಲಸ ತೋರಿಸು ಅಂತ ಕೇಳಿ. ಹೋದ ವಾರದ ಕೆಲಸ ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ.

ಸಾಮಾನು ನೀವೇ ತಂದು ಕೂಲಿಗೆ ಮಾತ್ರ ದರ ಮಾತಾಡುವ ಲೇಬರ್ ಕಾಂಟ್ರಾಕ್ಟ್ ಕೊಡುವುದೋ, ಸಾಮಾನು ಸಮೇತ ಒಪ್ಪಿಸುವುದೋ ಅನ್ನುವುದು ನಿಮ್ಮ ಸಮಯದ ಮೇಲಿದೆ. ದಿನಾ ನಿಂತು ನೋಡೋಕೆ, ಒಂದು ಚೀಲ ಕಮ್ಮಿ ಬಿದ್ದಾಗ ಓಡೋಕೆ ಆಗುತ್ತದೆ ಅಂದರೆ ಮೊದಲನೆಯದರಲ್ಲಿ ಉಳಿತಾಯ ಇದೆ. ಆಗದಿದ್ದರೆ ಎರಡನೆಯದೇ ವಾಸಿ, ಆದರೆ ಸಾಮಾನಿನ ಹೆಸರು ಗುಣಮಟ್ಟ ಕಾಗದದಲ್ಲಿ ಇರಲೇಬೇಕು.

ಒಪ್ಪಿದ ಮೊತ್ತದ ಮೇಲೆ 15ರಿಂದ 20% ಕೈಯಲ್ಲಿ ಇಟ್ಟುಕೊಂಡೇ ಕೆಲಸ ಶುರು ಮಾಡಿ. ಗೋಡೆ ಒಡೆಯುವವರೆಗೆ ಒಳಗೇನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಈ ಮೀಸಲಿನ ವಿಷಯ ಕೆಲಸಗಾರರ ಮುಂದೆ ಬಾಯಿ ಬಿಡಬೇಡಿ.

ದುಡ್ಡು ಕೆಲಸದ ಹಿಂದೆ ಹೋಗಲಿ

ಅಡ್ವಾನ್ಸ್ ಮೊದಲ ಹಂತದ ಸಾಮಾನಿಗೆ ಸಾಕಾಗುವಷ್ಟು ಮಾತ್ರ ಕೊಡಿ. ಉಳಿದದ್ದನ್ನು ಹಂತಕ್ಕೆ ಕಟ್ಟಿಹಾಕಿ. ಒಡೆದು ಪೈಪ್ ಹಾಕಿದ ಮೇಲೆ ಇಷ್ಟು, ಗಾರೆ ಮುಗಿದ ಮೇಲೆ ಇಷ್ಟು, ಟೈಲ್ಸ್ ಆದ ಮೇಲೆ ಇಷ್ಟು. ಕೊನೆಯ 10% ಎಲ್ಲ ಪರೀಕ್ಷೆ ಆದಮೇಲೇ. ಈ ಮಾತನ್ನು ಶುರುವಿನಲ್ಲೇ ಕಾಗದದಲ್ಲಿ ಬರೆದುಬಿಡಿ. ಕೊನೆಯಲ್ಲಿ ಹೇಳಿದರೆ ಜಗಳವಾಗುತ್ತದೆ. ಹಂತ ಮುಗಿದ ದಿನವೇ ದುಡ್ಡು ಕೊಡಿ. ಕೂಲಿಯವರು ಅದನ್ನೇ ನಂಬಿಕೊಂಡಿರುತ್ತಾರೆ, ಅವರನ್ನು ಅಲೆದಾಡಿಸಿ ಒಳ್ಳೆ ಕೆಲಸ ಕೇಳೋದು ಸರಿಯಲ್ಲ ಅಲ್ವಾ.

ನಡುವೆ "ಹೇಗೂ ಒಡೆದಿದ್ದೀವಿ, ಇದನ್ನೂ ಮಾಡಿಸಿಬಿಡಿ" ಅನ್ನುವ ಸಲಹೆ ಬರುತ್ತದೆ. ಕೆಲವು ಸಲ ಅದು ಸರಿಯೇ. ಬಾತ್‌ರೂಮ್ ನೆಲ ತೆಗೆದಿರುವಾಗಲೇ ಹಳೇ ಪೈಪ್ ಬದಲಿಸುವುದು ಜಾಣತನ. ಆದರೆ ಆಗಲೇ ಉತ್ತರ ಕೊಡಬೇಡಿ. ದರ ಬರೆಸಿಕೊಂಡು ಒಂದು ರಾತ್ರಿ ಕಳೆಯಲಿ.

ಗೋಡೆ ಮುಚ್ಚುವ ಮೊದಲು, ಕೊನೆಯ ಕಂತಿನ ಮೊದಲು

ಪೈಪು, ವಯರು ಗೋಡೆಯೊಳಗೆ ಹೋದ ಮೇಲೆ, ಗಾರೆ ಹಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಟೇಪ್ ಅಳತೆ ಕಾಣುವ ಹಾಗೆ ತೆಗೆದರೆ ಇನ್ನೂ ಒಳ್ಳೆಯದು. ಮುಂದೆ ಒಂದು ಮೊಳೆ ಹೊಡೆಯುವಾಗ ಈ ಫೋಟೊ ಬೇಕಾಗುತ್ತದೆ.

ವಾಟರ್‌ಪ್ರೂಫಿಂಗ್ ಮಾಡಿಸಿದ್ದರೆ ಅದರ ಮೇಲೆ ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ನೋಡಿ. ನೀರು ಹೋಗುವ ಕಿಂಡಿ ಮುಚ್ಚಿ, ಒಂದೆರಡು ಇಂಚು ನೀರು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ, ಕನಿಷ್ಠ 24 ಗಂಟೆ ಬಿಡಿ. ಕೆಳಗಿನ ಚಾವಣಿ ಒಣಗಿದ್ದರೆ ಮುಂದುವರಿಯಲಿ. ಹೊಸ ಗಾರೆಗೆ ಸುಮಾರು 28 ದಿನ ಆಗುವ ಮೊದಲು ಬಣ್ಣ ಬಳಿಯಲು ಬಿಡಬೇಡಿ, ಒಳಗಿನ ತೇವ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. "ಏನೂ ಆಗಲ್ಲ ಸಾರ್, ಬೇಗ ಮುಗಿಸಿಬಿಡೋಣ" ಅಂತಾರೆ. ಕಾಯಿಸಿ.

ಎಲ್ಲ ಮುಗಿದ ದಿನ ಕೆಲಸಗಾರನ ಜೊತೆಗೇ ಒಂದು ಸುತ್ತು ಹೊಡೆಯಿರಿ. ಪ್ರತಿ ನಲ್ಲಿ ಬಿಟ್ಟು ನೋಡಿ, ಪ್ರತಿ ಸ್ವಿಚ್ ಹಾಕಿ ನೋಡಿ. ಟೈಲ್ಸ್ ಮೇಲೆ ನಾಣ್ಯದಲ್ಲಿ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಸಿಮೆಂಟ್ ಸರಿಯಾಗಿ ಕೂತಿಲ್ಲ. ನೆಲಕ್ಕೆ ಒಂದು ಬಕೆಟ್ ನೀರು ಸುರಿದು ಅದು ಕಿಂಡಿಯ ಕಡೆಗೇ ಹೋಗುತ್ತದಾ ನೋಡಿ. ಸರಿಯಿಲ್ಲದ್ದನ್ನು ಬರೆದು ಇಬ್ಬರೂ ಸಹಿ ಹಾಕಿ. ಅದು ಸರಿಹೋದ ದಿನ ಕೊನೆಯ ಕಂತು ಕೊಟ್ಟು, ಬಿಲ್ಲು, ಬಣ್ಣದ ಕೋಡ್, ಟೈಲ್ಸ್ ಬ್ಯಾಚ್ ನಂಬರ್ ಎಲ್ಲ ಒಂದೇ ಕವರಿಗೆ ಹಾಕಿಡಿ. ಮಿಕ್ಕ ನಾಲ್ಕಾರು ಟೈಲ್ಸ್ ಯಾರಿಗೂ ಕೊಡಬೇಡಿ. ಐದು ವರ್ಷದ ಮೇಲೆ ಒಂದು ಒಡೆದರೆ ಅದೇ ಬಣ್ಣ ಎಲ್ಲೂ ಸಿಗುವುದಿಲ್ಲ.